ಐದಡಿ ಎರಡಿಂಚಿನವಳಿಗೆ ಒಂದು ಮೊಳೆ ಗನ್

ಓಕ್ ನೆಲಕ್ಕೆ ಮೊಳೆ ಹೊಡೆಯುವ ಗನ್‌ಗಳ ವಿಮರ್ಶೆ ಓದುತ್ತಾ ಹೋದರೆ, ಬರೆದವರೆಲ್ಲ ಆರಡಿ ಗಂಡಸರೇ ಇರಬೇಕು ಅನಿಸುತ್ತದೆ. ‘ತುಂಬಾ ಹಗುರ, ದಿನವಿಡೀ ಹೊಡೆದರೂ ಸುಸ್ತಾಗಲ್ಲ’ ಎಂದು ಒಬ್ಬ ಬರೆದಿದ್ದ. ಎತ್ತಿ ನೋಡಿದರೆ 5 ಕೆಜಿ ದಾಟುತ್ತದೆ! ನನ್ನ ಎತ್ತರ 5 ಅಡಿ 2 ಇಂಚು. ವಯಸ್ಸು 46. ಕೆಲಸ ಲ್ಯಾಬ್‌ನಲ್ಲಿ, ಕೈಯಲ್ಲಿ ಹಿಡಿಯುವ ಅತಿ ಭಾರದ ವಸ್ತು ಪೈಪೆಟ್. ಬಲಭುಜ ಆಗಾಗ ಮುನಿಸಿಕೊಳ್ಳುತ್ತದೆ. ಅಂಥವಳು ನ್ಯೂಜೆರ್ಸಿಯ ತನ್ನ ಮನೆಯ ಹಾಲ್‌ಗೂ ಊಟದ ಕೋಣೆಗೂ ಸೇರಿ 400 ಚದರಡಿ ಮರದ ನೆಲ ಹಾಕಲು ಹೊರಟರೆ ಯಾವ ಗನ್ ಒಗ್ಗುತ್ತದೆ? ಅಷ್ಟೇ ಇಲ್ಲಿ ಬರೆದಿರುವುದು.

ನಮ್ಮನೆಯವರಿಗೆ ಸೊಂಟ ನೋವು. ಅವರ ಪಾಲಿಗೆ ಗ್ಯಾರೇಜಿನಲ್ಲಿ ನಿಂತು ಹಲಗೆ ಕೊಯ್ಯುವ ಕೆಲಸ ಬಂತು. ಸಾಗರದಿಂದ ಬಂದಿದ್ದ ಅಪ್ಪ ಮೋಟು ಸ್ಟೂಲಿನ ಮೇಲೆ ಕೂತು, ಹಲಗೆಗಳ ಬಣ್ಣ ನೋಡಿ, ಉದ್ದ ನೋಡಿ, ಸಾಲಾಗಿ ಜೋಡಿಸಿಕೊಟ್ಟರು. ಮೊಳೆ ಹೊಡೆದವಳು ನಾನು.

ಮುಂದೆ ಓದುವ ಮೊದಲು ಒಂದು ಮಾತು. ಬೆಂಗಳೂರಿನ ಫ್ಲಾಟ್‌ನಲ್ಲಿ ಇರುವವರಿಗೆ ಈ ಗನ್ ಬೇಡವೇ ಬೇಡ. ಅಲ್ಲಿ ಕಾಲಡಿ ಇರುವುದು ಕಾಂಕ್ರೀಟ್. ಈ ಗನ್‌ನ ಮೊಳೆ ಕಾಂಕ್ರೀಟಿಗೆ ಇಳಿಯುವುದಿಲ್ಲ. ಅಲ್ಲಿಗೆ ಅಂಟು ಹಾಕಿ ಕೂರಿಸುವ ಅಥವಾ ಕ್ಲಿಕ್ ಮಾಡಿ ಸೇರಿಸುವ ಹಲಗೆಗಳೇ ಸರಿ. ಅಮೆರಿಕದ ಮನೆಗಳಲ್ಲಿ ಸಾಮಾನ್ಯವಾಗಿ ಮರದ ತೊಲೆಗಳ ಮೇಲೆ ಮುಕ್ಕಾಲು ಇಂಚಿನ ಪ್ಲೈವುಡ್ ಇರುತ್ತದೆ. ಮೊಳೆಗೆ ಬೇಕಾದದ್ದು ಅದು. ನಮ್ಮ ಮನೆಯಲ್ಲೂ ಹಳೇ ಕಾರ್ಪೆಟ್ ಕಿತ್ತಾಗ ಕೆಳಗೆ ಅದೇ ಸಿಕ್ಕಿತು. ಜೊತೆಗೆ ಹಿಂದಿನವರ ನಾಯಿಯ ಕೂದಲು, ಬೇಕಾದಷ್ಟು.

ನಾವು ತಂದದ್ದು ಮುಕ್ಕಾಲು ಇಂಚು ದಪ್ಪ, ಎರಡೂಕಾಲು ಇಂಚು ಅಗಲದ ರೆಡ್ ಓಕ್. ಪಾಲಿಶ್ ಹಾಕದ ಹಲಗೆ. ಪ್ರತಿ ಹಲಗೆಯ ಒಂದು ಅಂಚಲ್ಲಿ ನಾಲಿಗೆ ಚಾಚಿರುತ್ತದೆ, ಇನ್ನೊಂದು ಅಂಚಲ್ಲಿ ಅದು ಕೂರುವ ಸೀಳು. ಗನ್ನನ್ನು ನಾಲಿಗೆಯ ಅಂಚಿಗೆ ಒತ್ತಿ ಇಟ್ಟು ಮೇಲಿನ ಗುಂಡಿಗೆ ಕೊಡತಿಯಿಂದ ಹೊಡೆಯಬೇಕು. ಮೊಳೆ ಸುಮಾರು 45 ಡಿಗ್ರಿ ಓರೆಯಾಗಿ ನಾಲಿಗೆಯ ಬುಡದಲ್ಲಿ ಇಳಿದು ಪ್ಲೈವುಡ್ ಸೇರುತ್ತದೆ. ಮುಂದಿನ ಹಲಗೆಯ ಸೀಳು ಬಂದು ಅದನ್ನು ಮುಚ್ಚಿಬಿಡುತ್ತದೆ. ನಮ್ಮ ಸಾಗರದ ಮನೆಯ ಅಟ್ಟದ ಹಲಗೆಗೆ ಮೇಲಿಂದಲೇ ಮೊಳೆ ಬಡಿದಿದ್ದಾರೆ, ತಲೆಗಳೆಲ್ಲ ಕಾಣುತ್ತವೆ. ಅಪ್ಪ ಮೊದಲ ದಿನ ಕೋಣೆಯ ಆ ತುದಿಯಿಂದ ಈ ತುದಿಗೆ ಬಗ್ಗಿ ನೋಡಿದರು. ‘ಅಲ್ವೇ ಪುಟ್ಟಿ, ಅಷ್ಟೊತ್ತಿಂದ ಬಡೀತಾ ಇದೀಯ, ಮೊಳೆ ಎಲ್ಲಿ ಹೋಯ್ತೇ?’

ಇಷ್ಟೊಂದು ಮೊಳೆ ಯಾಕೆ ಬೇಕು ಎಂಬುದು ಗೊತ್ತಾದರೆ ಗನ್ ಆರಿಸುವುದು ಸುಲಭ. ನ್ಯೂಜೆರ್ಸಿಯಲ್ಲಿ ಜುಲೈ ಬಂತೆಂದರೆ ಮಂಗಳೂರಿನ ಸೆಕೆ. ಜನವರಿಯಲ್ಲಿ ಹೀಟರ್ ಹಾಕಿದ ಮನೆಯೊಳಗೆ ತುಟಿ ಒಡೆಯುವಷ್ಟು ಒಣ ಗಾಳಿ. ಮರ ಅದಕ್ಕೆ ತಕ್ಕಂತೆ ಅಗಲವಾಗುತ್ತದೆ, ಕುಗ್ಗುತ್ತದೆ. ರೆಡ್ ಓಕ್‌ನ ತೇವಾಂಶ ಶೇಕಡಾ 4 ಅಂಶಗಳಷ್ಟು ಏರುಪೇರಾದರೆ ನಮ್ಮ ಎರಡೂಕಾಲು ಇಂಚಿನ ಹಲಗೆ ಸುಮಾರು 0.8 ಮಿ.ಮೀ. ಬದಲಾಗುತ್ತದೆ. ಒಂದು ಹಲಗೆಗೆ ಏನೂ ಅಲ್ಲ. ಆದರೆ 12 ಅಡಿ ಅಗಲದ ಕೋಣೆಗೆ ಇಂಥ 64 ಸಾಲು ಬೇಕು. ಎಲ್ಲ ಒಂದೇ ಕಡೆ ಸರಿದರೆ 2 ಇಂಚು! ಮೊಳೆಗಳು ಒಂದೊಂದು ಹಲಗೆಯನ್ನೂ ಅದರ ಜಾಗದಲ್ಲೇ ಹಿಡಿದಿಡುತ್ತವೆ. ಚಳಿಗಾಲದ ಬಿರುಕು ಒಂದೇ ಕಡೆ ದೊಡ್ಡದಾಗಿ ಬಾಯಿ ಬಿಡದೆ, ಕೂದಲೆಳೆಯಷ್ಟು ಎಲ್ಲ ಕಡೆ ಹಂಚಿಕೊಳ್ಳುತ್ತದೆ. ಹಾಗಾಗಿ ನನಗೆ ಗನ್‌ಗಿಂತ ಅದರೊಳಗಿನ ಮೊಳೆ ಮುಖ್ಯ. ಅಂಗಡಿಯಲ್ಲಿ ಎಲ್ಲರೂ ಗನ್‌ನ ಬಣ್ಣ, ಬೆಲೆ ನೋಡುತ್ತಾರೆ. ಅದು ಯಾವ ಮೊಳೆ ನುಂಗುತ್ತದೆ ಎಂದು ಮೊದಲು ಕೇಳಬೇಕು.

ಮೊಳೆಯಲ್ಲಿ ಎರಡು ಜಾತಿ. ಒಂದು ಸ್ಟೇಪಲ್. ಎರಡು ಕಾಲಿನ ಪಿನ್ನು, ಕಾಲಿಗೆ ಅಂಟು ಸವರಿರುತ್ತದೆ. ಒಳಗೆ ನುಗ್ಗುವಾಗ ತಿಕ್ಕಾಟದ ಬಿಸಿಗೆ ಆ ಅಂಟು ಕರಗಿ ಮರಕ್ಕೆ ಹಿಡಿದುಕೊಳ್ಳುತ್ತದೆ. ಇನ್ನೊಂದು ಕ್ಲೀಟ್. ಚಪ್ಪಟೆ ಮೊಳೆ, ಅಂಚಿಗೆ ಗರಗಸದಂಥ ಹಲ್ಲು. ತಲೆಯ ಆಕಾರ ನೋಡಿ ಎಲ್ ಕ್ಲೀಟ್, ಟಿ ಕ್ಲೀಟ್ ಎನ್ನುತ್ತಾರೆ. ಅಮೆರಿಕದ ಮರದ ನೆಲದವರ ಸಂಘ ಎನ್‌ಡಬ್ಲ್ಯೂಎಫ್‌ಎ ಎರಡನ್ನೂ ಒಪ್ಪುತ್ತದೆ. ಸ್ಟೇಪಲ್ ಅಗ್ಗ, ಹೊಡೆದ ಕೂಡಲೇ ಹಿಡಿತ ಜೋರು. ಆದರೆ ವರ್ಷ ವರ್ಷ ಮರ ಅಲುಗಾಡಿದಂತೆ ಅಂಟು ಬಿಟ್ಟು ಸಡಿಲವಾಗಬಹುದು, ಕ್ಲೀಟ್ ಮರದ ಜೊತೆ ಸ್ವಲ್ಪ ಬಾಗಿಕೊಂಡು ಹಿಡಿದೇ ಇರುತ್ತದೆ ಎನ್ನುತ್ತಾರೆ ಹಳೇ ಕೆಲಸದವರು. ನನಗೆ ಈ ಮಾತು ಸರಿ ಎನಿಸಿತು. ಸ್ಟೇಪಲ್‌ನ ಮೇಲಿನ ಅಡ್ಡಪಟ್ಟಿ ಅರ್ಧ ಇಂಚು ಅಗಲ. ಅದು ನಾಲಿಗೆಯ ಉದ್ದಕ್ಕೆ ಅಷ್ಟೂ ಜಾಗಕ್ಕೆ ಬಡಿಯುತ್ತದೆ. ಓಕ್ ಹೇಗೋ ತಡೆದುಕೊಳ್ಳುತ್ತದೆ. ಬ್ರೆಜಿಲಿಯನ್ ಚೆರಿಯಂಥ ಕಲ್ಲುಮರವಾದರೆ ನಾಲಿಗೆ ಸೀಳಿಹೋಗುವ ಭಯ ಜಾಸ್ತಿ. ಅಂಥ ಮರಕ್ಕೆ 18 ಗೇಜಿನ ಸಪೂರ ಕ್ಲೀಟ್ ಹೊಡೆಯುವ ಬೇರೆ ಗನ್ನೇ ಇದೆ. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ಮೊಳೆ ತೆಳ್ಳಗೆ, ಇದು ನೆನಪಿರಲಿ. 16 ಗೇಜ್ ಎಂದರೆ ಸುಮಾರು 1.6 ಮಿ.ಮೀ. ಓಕ್‌ಗೆ ಅದು ಸರಿಯಾದ ಅಳತೆ.

ನಾನು ಮೊದಲು ಹಿಡಿದದ್ದು ಬಾಡಿಗೆಯ ಸ್ಟೇಪಲ್ ಗನ್, ಕಂಪ್ರೆಸರ್‌ನಿಂದ ಪೈಪ್‌ನಲ್ಲಿ ಬರುವ ಗಾಳಿಯ ಒತ್ತಡದಿಂದ ಓಡುವಂಥದ್ದು. ಅಂಗಡಿ ಯಾವುದು, ಕಂಪನಿ ಯಾವುದು ಎಂದು ಹೇಳುವುದಿಲ್ಲ, ಬಿಡಿ. ಬಾಡಿಗೆ ಗನ್ ಎಷ್ಟು ಕೈ ದಾಟಿರುತ್ತದೋ ಯಾರಿಗೆ ಗೊತ್ತು. ಪಿನ್ನನ್ನು ತಳ್ಳುವ ಒಳಗಿನ ಪಟ್ಟಿ ಸವೆದಿತ್ತು. ಒಂದು ಪಿನ್ ಪೂರ್ತಿ ಇಳಿದರೆ ಇನ್ನೊಂದು ಅರ್ಧಕ್ಕೆ ನಿಲ್ಲುತ್ತಿತ್ತು. ನಿಂತದ್ದನ್ನು ಇಕ್ಕಳದಿಂದ ಕೀಳಬೇಕು. ಕೀಳುವಾಗ ನಾಲಿಗೆ ಚಕ್ಕೆ ಏಳುತ್ತದೆ. ಚಕ್ಕೆ ಕೆತ್ತಿ ತೆಗೆಯದಿದ್ದರೆ ಮುಂದಿನ ಹಲಗೆ ಕೂರುವುದಿಲ್ಲ. ವಾಪಸ್ ಕೊಡುವಾಗ ಹೇಳಿದರೆ ಕೌಂಟರಿನ ಹುಡುಗ ‘ಒತ್ತಡ ಜಾಸ್ತಿ ಮಾಡಬೇಕಿತ್ತು’ ಎಂದ. ಮಾಡಿದ್ದೆ. 100 ಪಿಎಸ್‌ಐವರೆಗೂ (ಗಾಳಿಯ ಒತ್ತಡ ಅಳೆಯುವ ಮಾನ) ಏರಿಸಿದ್ದೆ. ಅದಕ್ಕಿಂತ ಮೇಲೆ ಹೋಗಬೇಡಿ ಎಂದು ಆ ಗನ್ ಮೇಲೆಯೇ ಬರೆದಿತ್ತು. ಬಾಡಿಗೆಗೆ ತರುವವರು ಅಂಗಡಿಯಲ್ಲೇ ಒಂದು ಹಲಗೆ ತುಂಡಿಗೆ ಹತ್ತು ಮೊಳೆ ಹೊಡೆದು ನೋಡಿ ತನ್ನಿ. ಬೇಡ ಎಂದರೆ ಬೇರೆ ಅಂಗಡಿ.

ಆಮೇಲೆ ಬಂದದ್ದು ಗಾಳಿಯೇ ಬೇಡದ ಗನ್. ನಮ್ಮ ಬೀದಿಯ ತುದಿಮನೆಯ ಅಜ್ಜ ವಯಸ್ಸಿನಲ್ಲಿದ್ದಾಗ ನೆಲ ಹಾಕುವ ಕೆಲಸದಲ್ಲೇ ಇದ್ದವರು. ಅವರ ಗ್ಯಾರೇಜಿನಲ್ಲಿ ಪವರ್‌ನೇಲ್ 45 ಇತ್ತು. ಇಲಿನಾಯ್ ರಾಜ್ಯದ ಕಂಪನಿ. ಕಬ್ಬಿಣದ ಗಟ್ಟಿಪಿಂಡ. ಕಂಪ್ರೆಸರ್ ಬೇಡ, ಪೈಪ್ ಬೇಡ, ಗಲಾಟೆ ಇಲ್ಲ. ಕೊಡತಿ ಏಟಿನ ಬಲದಿಂದಲೇ ಮೊಳೆ ಇಳಿಯಬೇಕು. ಒಂದೇ ಏಟಿಗೆ ಇಳಿಯದಿದ್ದರೆ ಎರಡನೇ ಏಟು ಹಾಕಬಹುದು, ಮೊಳೆ ಪೂರ್ತಿ ಇಳಿಯುವವರೆಗೆ ಒಳಗಿರುವ ರ‍್ಯಾಚೆಟ್ ಎಂಬ ಹಲ್ಲಿನ ಏರ್ಪಾಡು ತಳ್ಳುವ ಪಟ್ಟಿಯನ್ನು ಹಿಂದೆ ಸರಿಯಲು ಬಿಡುವುದಿಲ್ಲ. ಈ ಏರ್ಪಾಡು ನನಗೆ ಬಹಳ ಹಿಡಿಸಿತು. ಅಜ್ಜ ತೋರಿಸಿಕೊಟ್ಟಾಗ ಒಂದೊಂದೇ ಏಟು, ಟಕ್, ಟಕ್. ತೋಳಿನಿಂದ ಹೊಡೆಯುತ್ತಿರಲಿಲ್ಲ, ಕೊಡತಿಯನ್ನು ಎತ್ತಿ ಅದರ ಭಾರಕ್ಕೆ ಬಿಡುತ್ತಿದ್ದರು. ನನಗೆ ಒಂದು ಮೊಳೆಗೆ ಎರಡು ಏಟು ಬೇಕಾಯಿತು, ಕೆಲವಕ್ಕೆ ಮೂರು. ಅಡುಗೆಮನೆ ಪಕ್ಕದ ಸಣ್ಣ ಜಾಗಕ್ಕೆ, ಒಂದು ಚಿಕ್ಕ ಕೋಣೆಗೆ ಇದು ಚೆನ್ನ. 400 ಚದರಡಿಗೆ ನನ್ನ ಭುಜ ಒಪ್ಪಲಿಲ್ಲ.

ಅದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಎರಡೂಕಾಲು ಇಂಚಿನ ಹಲಗೆ, 8 ಇಂಚಿಗೊಂದು ಮೊಳೆ. ಆಗ ಒಂದು ಚದರಡಿಗೆ 8 ಮೊಳೆ. 400 ಚದರಡಿಗೆ 3,200. ಪ್ರತಿ ಹಲಗೆಯ ಎರಡೂ ತುದಿಯಿಂದ 1ರಿಂದ 3 ಇಂಚಿನೊಳಗೆ ಒಂದೊಂದು ಇರಲೇಬೇಕು, ಮೋಟು ಹಲಗೆಗೂ ಎರಡು ತಪ್ಪದು. ಅದೆಲ್ಲ ಸೇರಿದರೆ ಇನ್ನೂ ಕೆಲವು ನೂರು. ಗಾಳಿ ಗನ್‌ನಲ್ಲಿ ಮೊಳೆಗೊಂದು ಏಟು. ಕೈ ಗನ್‌ನಲ್ಲಿ ನನ್ನಂಥವಳಿಗೆ ಅದರ ಎರಡರಷ್ಟು.

ಪೆನ್ಸಿಲ್ವೇನಿಯಾದಲ್ಲಿರುವ ಮೈದುನನ ಹತ್ತಿರ ಫ್ರೀಮನ್ ಕಂಪನಿಯ ತ್ರೀ ಇನ್ ಒನ್ ಇದೆ. ಎಲ್ ಕ್ಲೀಟ್, ಟಿ ಕ್ಲೀಟ್, ಸ್ಟೇಪಲ್, ಮೂರನ್ನೂ ಹೊಡೆಯುತ್ತದೆ. ಬೆಲೆಯೂ ಕಡಿಮೆ. ‘ಅತ್ತಿಗೆ, ಸುಮ್ನೆ ದುಡ್ಡು ಯಾಕೆ ಹಾಳು ಮಾಡ್ತೀರಿ, ಇದನ್ನೇ ತಗೊಂಡು ಹೋಗಿ’ ಎಂದ. ಅವನ ಮನೆಯ ನೆಲ ನೋಡಿದ್ದೇನೆ, ನೀಟಾಗಿದೆ. ಒಂದೇ ಮನೆಗೆ ಒಂದೇ ಸಲ ಎನ್ನುವವರಿಗೆ ಧೈರ್ಯವಾಗಿ ಹೇಳಬಹುದಾದ ಗನ್. ಆದರೆ ಮೂರು ಬಗೆ ಹೊಡೆಯುವುದು ನನಗೆ ಲಾಭವಲ್ಲ, ನನಗೆ ಬೇಕಿದ್ದದ್ದು ಒಂದೇ. ಮತ್ತೆ ಅವನು ಬೇಸಿಗೆಯಲ್ಲಿ ಮಹಡಿ ಕೋಣೆಗಳಿಗೆ ನೆಲ ಹಾಕುವವನಿದ್ದ. ಸಾಲ ತಂದ ಗನ್ ಇಟ್ಟುಕೊಂಡು ‘ಮುಗೀತಾ ಅತ್ತಿಗೆ?’ ಎನ್ನುವ ಅವನ ಫೋನ್ ಪ್ರತಿ ಭಾನುವಾರ ಎತ್ತುವುದು ಯಾರಿಗೆ ಬೇಕು.

ಕೊನೆಗೆ ಕೊಂಡದ್ದು ಬೋಸ್ಟಿಚ್ ಎಂಐಐಐಎಫ್‌ಎನ್. ಈ ಹೆಸರಲ್ಲಿ ಕೊನೆಯ ಅಕ್ಷರ ನೋಡಿ ಕೊಳ್ಳಿ. ‘ಎನ್’ ಎಂದರೆ ಕ್ಲೀಟ್ ಗನ್, ‘ಎಸ್’ ಎಂದರೆ ಸ್ಟೇಪಲ್ ಗನ್. ನೋಡಲು ಹೆಚ್ಚುಕಡಿಮೆ ಅವಳಿ. ಕಂಪನಿ ಶುರುವಾದದ್ದು 1896ರಲ್ಲಿ, ಮ್ಯಾಸಚೂಸೆಟ್ಸ್‌ನಲ್ಲಿ, ಪುಸ್ತಕಗಳಿಗೆ ತಂತಿ ಹೊಲಿಗೆ ಹಾಕುವ ಯಂತ್ರ ಮಾಡುವ ಕಂಪನಿಯಾಗಿ. ಅಲ್ಲಿಂದ ಆಫೀಸಿನ ಸ್ಟೇಪ್ಲರ್, ಅಲ್ಲಿಂದ ನೆಲದ ಮೊಳೆ. ಈಗ ಸ್ಟಾನ್ಲಿ ಬ್ಲ್ಯಾಕ್ ಅಂಡ್ ಡೆಕರ್ ಕೈಯಲ್ಲಿದೆ.

ಇದರ ಹಿಡಿ ಉದ್ದ. ಎತ್ತರದವರು ಇದರಿಂದ ಬೆನ್ನು ಉಳಿಯುತ್ತದೆ ಎನ್ನುತ್ತಾರೆ. ನನಗಂತೂ ಇದು ವರದಾನ. ಪೂರ್ತಿ ಬಗ್ಗದೆ, ಕಾಲಬೆರಳಲ್ಲಿ ಹಲಗೆ ಒತ್ತಿ ಹಿಡಿದು, ಎಡಗೈಯಲ್ಲಿ ಹಿಡಿಕೆ, ಬಲಗೈಯಲ್ಲಿ ಕೊಡತಿ. ಗನ್ನನ್ನು ಪ್ರತಿ ಮೊಳೆಗೂ ಎತ್ತಬೇಕಾಗಿಲ್ಲ, ಹಲಗೆಯ ಅಂಚಿನ ಗುಂಟ ಎಳೆದುಕೊಂಡು ಹೋದರೆ ಸಾಕು. 5 ಕೆಜಿ ಭಾರ ನೆಲದ ಮೇಲೆಯೇ ಇರುತ್ತದೆ. ಇದು ಗೊತ್ತಿದ್ದರೆ ನಾನು ತೂಕದ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳುತ್ತಲೇ ಇರಲಿಲ್ಲ. ನಿಜವಾಗಿ ಕೈ ಸೋಲುವುದು ಕೊಡತಿಯಿಂದ. ಅದನ್ನು ಎತ್ತಿ ಎತ್ತಿ ಸಂಜೆ ಹೊತ್ತಿಗೆ ಮಣಿಕಟ್ಟು ಬಾತಿತ್ತು. ಹಿಡಿಕೆಯ ತುದಿ ಬಿಟ್ಟು ನಡುವೆ ಹಿಡಿದ ಮೇಲೆ ಸರಿಹೋಯಿತು. ಗಾಳಿ ಗನ್‌ನಲ್ಲಿ ಮೊಳೆಯನ್ನು ತಳ್ಳುವುದು ಗಾಳಿ. ಕೊಡತಿಯ ಏಟಿಗೆ ಎರಡು ಕೆಲಸ ಮಾತ್ರ, ಹಲಗೆಯನ್ನು ಹಿಂದಿನದಕ್ಕೆ ಬಿಗಿಯಾಗಿ ಒತ್ತುವುದು, ಗಾಳಿಯ ಬಾಗಿಲು ತೆರೆಯುವುದು. ಹಾಗೆಂದು ತೀರಾ ಮೆತ್ತಗೆ ತಟ್ಟಿದರೆ ಹಲಗೆಗಳ ನಡುವೆ ಸಂದಿ ಉಳಿಯುತ್ತದೆ. ಒಂದು ಹದ ಇದೆ. ಮೂರ್ನಾಲ್ಕು ಸಾಲಿಗೆ ಕೈಗೆ ಬರುತ್ತದೆ.

ಹದದ ಮಾತು ಬಂತಲ್ಲ, ಒತ್ತಡದ ವಿಷಯ ಇನ್ನೂ ಮುಖ್ಯ. ಈ ಗನ್ 70ರಿಂದ 100 ಪಿಎಸ್‌ಐ ಒಳಗೆ ಓಡುತ್ತದೆ. ನಾನು 80ಕ್ಕೆ ಇಟ್ಟು, ಒಂದು ಪ್ಲೈವುಡ್ ತುಂಡಿನ ಮೇಲೆ ಅದೇ ಓಕ್‌ನ ಚೂರು ಇಟ್ಟು ಹೊಡೆದು ನೋಡಿದೆ. ಮೊಳೆಯ ತಲೆ ಮರದ ಮಟ್ಟಕ್ಕೆ ಕೂರಬೇಕು. ಮೇಲೆ ನಿಂತರೆ ಮುಂದಿನ ಹಲಗೆ ಕೂರಲ್ಲ, ನಾಳೆ ನಡೆದಾಗ ಕಿರ್ ಎನ್ನುತ್ತದೆ. ತೀರಾ ಒಳಗೆ ಹೋದರೆ ನಾಲಿಗೆ ಒಡೆಯುತ್ತದೆ, ಇಲ್ಲವೇ ಹಲಗೆಯ ಮೇಲ್ಮೈಯಲ್ಲಿ ಸಣ್ಣ ಉಬ್ಬು ಏಳುತ್ತದೆ. ಆ ಉಬ್ಬು ನೇರ ನೋಡಿದರೆ ಕಾಣಲ್ಲ, ಸಂಜೆ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಾಗ ಕಾಣುತ್ತದೆ. ಐದೈದು ಪಿಎಸ್‌ಐ ಏರಿಸುತ್ತಾ ಹೋದೆ. ನಮ್ಮ ಓಕ್‌ಗೆ 85 ಸರಿಯಾಯಿತು. ನಿಮ್ಮ ಮರಕ್ಕೆ ನೀವೇ ನೋಡಿಕೊಳ್ಳಬೇಕು, ಒಂದೇ ಮರದ ಎರಡು ಕಟ್ಟುಗಳಲ್ಲೂ ವ್ಯತ್ಯಾಸ ಇರುತ್ತದೆ.

ಕಂಪ್ರೆಸರ್‌ಗೆ ಬೇರೆ ದುಡ್ಡು ಹಾಕಬೇಡಿ. ನಮ್ಮಲ್ಲಿದ್ದದ್ದು ಕಾರಿನ ಟಯರಿಗೆಂದು ತಂದ 6 ಗ್ಯಾಲನ್ನಿನದು. ಒಬ್ಬರು ಒಂದು ಗನ್‌ನಲ್ಲಿ ಹೊಡೆಯಲು ಅದು ಧಾರಾಳ. ಟ್ಯಾಂಕ್ ತುಂಬಲು ಆಗಾಗ ಬಡಬಡಿಸುತ್ತದೆ, ಅಪ್ಪ ಬೆಚ್ಚಿ ಬೀಳುತ್ತಿದ್ದರು. ಅದನ್ನು ಗ್ಯಾರೇಜಿಗೆ ತಳ್ಳಿ ಉದ್ದದ ಪೈಪ್ ಎಳೆದುಕೊಂಡೆವು. ಕಿವಿಗೆ ಮಾತ್ರ ಏನಾದರೂ ಹಾಕಿಕೊಳ್ಳಲೇಬೇಕು. ಗನ್‌ನ ಗಾಳಿ ಪೈಪ್ ಸೇರುವ ಬಾಯಿಗೆ ದಿನಾ ಬೆಳಿಗ್ಗೆ ನಾಲ್ಕು ಹನಿ ಎಣ್ಣೆ. ಗಾಳಿ ಉಪಕರಣಕ್ಕೆಂದೇ ಇರುವ ಎಣ್ಣೆ, ಹೊಲಿಗೆ ಯಂತ್ರದ್ದಲ್ಲ. ಮೊಳೆ ಸಿಕ್ಕಿಕೊಂಡರೆ ಮೊದಲು ಪೈಪ್ ಬಿಚ್ಚಿ, ಆಮೇಲೆ ಕೈ ಹಾಕಿ.

ಮೊಳೆಯ ಉದ್ದ ಒಂದೂವರೆ ಇಂಚೋ ಎರಡೋ ಎಂದು ಮೈದುನನಿಗೂ ನನಗೂ ಫೋನಿನಲ್ಲೇ ವಾದವಾಯಿತು. ತೊಲೆಗಳ ಮೇಲಿನ ಪ್ಲೈವುಡ್‌ಗೆ ಎರಡು ಇಂಚೇ ಒಳ್ಳೆಯದು. ಕಾಂಕ್ರೀಟಿನ ಮೇಲೆ ಪ್ಲೈವುಡ್ ಹಾಸಿದ್ದರೆ ಒಂದೂವರೆ, ಇಲ್ಲದಿದ್ದರೆ ತುದಿ ಕಾಂಕ್ರೀಟಿಗೆ ತಾಗುತ್ತದೆ. ಪ್ಲೈವುಡ್ಡಿನ ಕೆಳಗೆ ಬಿಸಿನೀರಿನ ಪೈಪ್ ಅಂಟಿಕೊಂಡು ಹೋಗಿದೆಯಾ ಎಂದು ಬೇಸ್‌ಮೆಂಟಿನಿಂದ ಒಮ್ಮೆ ಟಾರ್ಚ್ ಹಾಕಿ ನೋಡಿ.

ಪಾಲಿಶ್ ಆಗಿಯೇ ಬರುವ ಹಲಗೆ ಹಾಕುವವರು ಗನ್‌ನ ಪಾದದ ಬಗ್ಗೆ ಎಚ್ಚರ ವಹಿಸಬೇಕು. ಅದರ ಅಡಿಯಲ್ಲಿ ಒಂದು ಮರಳ ಕಣ ಸಿಕ್ಕಿದರೂ ನೆಲದುದ್ದಕ್ಕೂ ಗೀರು. ನಮ್ಮದಕ್ಕೆ ಆಮೇಲೆ ಉಜ್ಜುವ ಕೆಲಸ ಇದ್ದದ್ದರಿಂದ ನಾನು ನಿಶ್ಚಿಂತೆ.

ಈ ಗನ್ ಒಂದೇ ಸಾಕು ಎಂದುಕೊಂಡರೆ ಕಷ್ಟ. ಗೋಡೆ ಪಕ್ಕದ ಮೊದಲ ಎರಡು ಮೂರು ಸಾಲಿಗೆ, ಕೊನೆಯ ಮೂರ್ನಾಲ್ಕು ಸಾಲಿಗೆ ಇದು ಹಿಡಿಸುವುದೇ ಇಲ್ಲ, ಕೊಡತಿ ಬೀಸಲು ಜಾಗ ಇರಲ್ಲ. ಅಲ್ಲಿಗೆ 15 ಗೇಜಿನ ಫಿನಿಶ್ ನೇಲರ್ ಬೇಕು, ಅಂದರೆ ಕೊಡತಿ ಇಲ್ಲದೆ ಸಣ್ಣ ತಲೆಯ ಮೊಳೆ ಹೊಡೆಯುವ ಗನ್. ಅದನ್ನು ಬಾಡಿಗೆಗೆ ತಂದೆವು. ಗೋಡೆಗೆ ಅಂಟಿದ ಸಾಲಿಗೆ ಮೇಲಿಂದಲೇ ಹೊಡೆದರೂ ಚಿಂತೆ ಇಲ್ಲ, ಸ್ಕರ್ಟಿಂಗ್ ಪಟ್ಟಿ ಮುಚ್ಚುತ್ತದೆ. ಗೋಡೆಗೂ ನೆಲಕ್ಕೂ ಮುಕ್ಕಾಲು ಇಂಚು ಸಂದಿ ಬಿಡುವುದು ಮರೆಯಬೇಡಿ, ಜುಲೈನಲ್ಲಿ ಮರ ಉಬ್ಬಿದಾಗ ಹೋಗಲು ಜಾಗ ಬೇಕಲ್ಲ. ಕೆಲವರು ಇಡೀ ನೆಲವನ್ನೇ ಸಪೂರ ಮೊಳೆಯ ಚಿಕ್ಕ ಬ್ರ್ಯಾಡ್ ಗನ್‌ನಲ್ಲಿ ಹೊಡೆದು ಮುಗಿಸಿ ವಿಡಿಯೊ ಹಾಕುತ್ತಾರೆ. ಆ ಮೊಳೆಗೆ ಹಲ್ಲಿಲ್ಲ, ನುಣ್ಣಗಿರುತ್ತದೆ. ಎರಡು ಚಳಿಗಾಲ ಕಳೆದ ಮೇಲಿನ ವಿಡಿಯೊ ಮಾತ್ರ ಯಾರೂ ಹಾಕಿದ್ದು ನಾನು ನೋಡಿಲ್ಲ.

ದುಡ್ಡಿನ ಮಾತು. ತೆರಿಗೆ ಸೇರಿ ನನಗೆ 400 ಡಾಲರ್ ದಾಟಿತು. ನಮ್ಮ ಕಡೆ ಆಗ ಬಾಡಿಗೆ ದಿನಕ್ಕೆ 50ರ ಆಸುಪಾಸು ಇತ್ತು. ಇಬ್ಬರು ಗಟ್ಟಿಗರು ಶನಿವಾರ ಭಾನುವಾರದಲ್ಲಿ ಮುಗಿಸುತ್ತಾರಾದರೆ ಬಾಡಿಗೆಯೇ ಸರಿ, ಒಳ್ಳೆಯ ಗನ್ ಸಿಕ್ಕರೆ. ನಾವು ಸಂಜೆ ಆಫೀಸಿನಿಂದ ಬಂದು, ಚಹಾ ಕುಡಿದು, ನಾಲ್ಕು ಸಾಲು ಹೊಡೆದು, ಕುಕ್ಕರ್ ಇಡುವವರು. ಅಪ್ಪ ಒಂದು ಹಲಗೆಯ ಬಣ್ಣ ಸರಿಯಿಲ್ಲ ಎಂದರೆ ಇಡೀ ಸಾಲು ಬದಲಾಗುತ್ತಿತ್ತು. ತುದಿ ಕೂಡುವ ಜಾಗಗಳು ಅಕ್ಕಪಕ್ಕದ ಸಾಲಿನಲ್ಲಿ ಕನಿಷ್ಠ 6 ಇಂಚು ದೂರ ಇರಬೇಕು ಎಂದು ನಾನು ಹೇಳಿದ್ದೇ ತಪ್ಪಾಯಿತು, ಅವರು ಒಂದಡಿ ಬಿಡದೆ ಹಲಗೆ ಕೊಡುತ್ತಲೇ ಇರಲಿಲ್ಲ. ಆ ವೇಗಕ್ಕೆ ದಿನದ ಬಾಡಿಗೆ ಕಟ್ಟಿದ್ದರೆ ಗನ್‌ನ ಬೆಲೆಯೇ ಹೋಗುತ್ತಿತ್ತು. ಇಷ್ಟರ ಮೇಲೆ ಈ ಹೆಸರಿನ ಗನ್‌ಗೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ ಚೆನ್ನಾಗಿದೆ. ನಮ್ಮದನ್ನು ನೋಡಲು ಕನ್ನಡ ಕೂಟದ ಇಬ್ಬರು ಆಗಲೇ ಬಂದು ಹೋಗಿದ್ದಾರೆ. ಮಾರುವುದಾ, ಮಹಡಿ ಕೋಣೆಗಳಿಗೆ ಇಟ್ಟುಕೊಳ್ಳುವುದಾ ಎಂದು ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ನಮ್ಮನೆಯವರು ಮಾರು ಎನ್ನುತ್ತಾರೆ, ಹಲಗೆ ಕೊಯ್ಯುವವರು ಅವರು ತಾನೇ.

ಕ್ಲೀಟ್ ಸಾವಿರದ ಡಬ್ಬಗಳಲ್ಲಿ ಸಿಗುತ್ತದೆ. 400 ಚದರಡಿಗೆ ನಾಲ್ಕು ಡಬ್ಬ ಲೆಕ್ಕ, ಐದು ತನ್ನಿ. ಗನ್‌ನ ಪುಸ್ತಕದಲ್ಲಿ ಹೇಳಿದ ಅಳತೆಯದ್ದೇ ಇರಲಿ, ಈ ಬೋಸ್ಟಿಚ್‌ಗೆ ಬೇಕಾದದ್ದು ಎಲ್ ಕ್ಲೀಟ್, ತಲೆಯ ಆಕಾರ ಎಲ್ ಹೌದೋ ಅಲ್ಲವೋ ಡಬ್ಬದ ಮೇಲೆ ಓದಿಯೇ ತನ್ನಿ. ತೆರೆಯದ ಡಬ್ಬವನ್ನು ನಮ್ಮ ಅಂಗಡಿಯವರು ಮಾತಿಲ್ಲದೆ ವಾಪಸ್ ತೆಗೆದುಕೊಂಡರು. ರಸೀದಿ ಬಿಸಾಕಬೇಡಿ.